ಎತ್ತುವ ಮೊದಲು ಇಳಿಸುವ ದಾರಿ

ದಿನಕ್ಕೆ ಎಂಟು ಗಂಟೆ ಕಡತಗಳ ಮೇಲೆ ಬಾಗಿ ಕೂರುವ ಗುಮಾಸ್ತನ ಹೆಗಲು ಮೂವತ್ತೈದು ತುಂಬುವುದರೊಳಗೆ ತಾನಾಗಿಯೇ ಮುಂದಕ್ಕೆ ಬಾಗಲು ಕಲಿಯುತ್ತದೆ. ಬೆಳಿಗ್ಗೆ ಸಂಜೆ ಲೋಕಲ್ ಗಾಡಿಯಲ್ಲಿ ನಿಂತು ಬರುವುದೇ ಸಾಕಷ್ಟು ವ್ಯಾಯಾಮ ಎನ್ನುವ ಸಹೋದ್ಯೋಗಿಗಳು ನಮಗುಂಟು. ಆ ವ್ಯಾಯಾಮದಿಂದ ಮೊಣಕೈ ಚುರುಕಾಗುತ್ತದೆಯೇ ಹೊರತು ಎದೆ ಬಲಿಯುವುದಿಲ್ಲ. ಆದ್ದರಿಂದ ನಾವು ಅಣ್ಣತಮ್ಮಂದಿರಿಬ್ಬರೂ ಕೂಡಿ ಡೊಂಬಿವಲಿಯ ನಮ್ಮ ಬಾಡಿಗೆ ಮನೆಯ ಕೋಣೆಯೊಂದರಲ್ಲಿ ಬೆಂಚು, ಬಾರು, ಪ್ಲೇಟುಗಳನ್ನು ತಂದಿಟ್ಟೆವು. ಬಾರು ಎಂದೊಡನೆ ಯಾರೂ ಗಾಬರಿಯಾಗಬೇಕಾಗಿಲ್ಲ. ಇದು ಏಳಡಿ ಉದ್ದದ, 20 ಕಿಲೋ ತೂಕದ ಕಬ್ಬಿಣದ ಸರಳು. ನೆಲಮಹಡಿಯ ಮನೆಯಾದ್ದರಿಂದ ಕೆಳಗಿನವರ ನಿದ್ದೆ ಕೆಡಿಸುವ ಪಾಪವೂ ಇಲ್ಲ.

ಓದುಬರಹದವರಿಗೆ ಕಬ್ಬಿಣದ ಸಹವಾಸವೇಕೆ ಎಂದು ಕೇಳುವವರಿಗೆ ನಾವು ಕೊಡುವ ಉತ್ತರ ಒಂದೇ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಎಷ್ಟೋ ತರುಣರ ಮೈ ತಿದ್ದಿದ ಕೆ. ವಿ. ಅಯ್ಯರ್ ಅವರೇ ‘ಶಾಂತಲಾ’ ಕಾದಂಬರಿಯನ್ನೂ ಬರೆದರು. ಕಬ್ಬಿಣಕ್ಕೂ ಕನ್ನಡಕ್ಕೂ ಹಗೆಯಿಲ್ಲ.

ಬೆಂಚ್ ಪ್ರೆಸ್ ಎಂಬುದು ನೋಡುವುದಕ್ಕೆ ಬಹಳ ಸರಳ. ಬೆಂಚಿನ ಮೇಲೆ ಅಂಗಾತ ಮಲಗಿ, ಬಾರನ್ನು ಎದೆಗೆ ಇಳಿಸಿ, ಮತ್ತೆ ಮೇಲಕ್ಕೆ ಒತ್ತುವುದು, ಅಷ್ಟೇ. ಆದರೆ ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನಿಗೂ ಇವನಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಅವನಿಗೆ ಸಾಕೆನಿಸಿದರೆ ಕೈ ಬಿಟ್ಟರಾಯಿತು, ಕಲ್ಲು ನೆಲ ಸೇರುತ್ತದೆ. ಇಲ್ಲಿ ಕಬ್ಬಿಣಕ್ಕೂ ನೆಲಕ್ಕೂ ನಡುವೆ ಮಲಗಿರುವವರು ನಾವೇ!

ಈ ಮಾತು ನಮಗಿಂತ ಮೊದಲು ಹೊಳೆದದ್ದು ನಮ್ಮ ಅವ್ವನಿಗೆ. ಸಾಮಾನು ಬಂದ ದಿನ ಆಕೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, “ಎತ್ತೂದಿರಲಿ ತಮ್ಮಾ, ಕೈ ಸೋತರ ಇಳಸಲಿಕ್ಕೆ ಯಾರು ಬರ್ತಾರ?” ಎಂದಳು. ಪ್ರಶ್ನೆ ಸಣ್ಣದಲ್ಲ. ತಮ್ಮನಿಗೆ ವಾರ ಬಿಟ್ಟು ವಾರ ರಾತ್ರಿಪಾಳಿ. ಆಗ ಇನ್ನೊಬ್ಬನು ಬೆಳಗಿನ ಜಾವ ಒಬ್ಬನೇ ಮಲಗಿ ಒತ್ತಬೇಕು. ಮನೆಯಲ್ಲಿರುವವರು ಅವ್ವ, ಹೆಂಗಸರು, ಆರು ವರ್ಷದ ಮಗು. ಅರವತ್ತು ಕಿಲೋ ಎದೆಯ ಮೇಲೆ ನಿಂತರೆ ಯಾರನ್ನು ಕೂಗುವುದು? ನಮ್ಮ ಪರಿಚಯದವರೊಬ್ಬರು ಹೀಗೆಯೇ ಸಿಕ್ಕಿಕೊಂಡು, ಬಾರನ್ನು ಹೊಟ್ಟೆಯ ಮೇಲಿನಿಂದ ತೊಡೆಗೆ ಉರುಳಿಸಿಕೊಂಡು ಎದ್ದುದುಂಟು. ಎದೆಗೆ ಬದಲಾಗಿ ಕುತ್ತಿಗೆಯ ಮೇಲೆ ಬಿದ್ದಿದ್ದರೆ ಉರುಳಿಸಲೂ ಆಗುತ್ತಿರಲಿಲ್ಲ.

ಅವ್ವನ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಾವು ಪ್ಲೇಟು ಮುಟ್ಟಲಿಲ್ಲ. ಬೆಂಚಿನ ಎರಡು ಪಕ್ಕಕ್ಕೂ ಆಧಾರದ ಕಂಬಿಗಳಿರುವ ಸ್ಟ್ಯಾಂಡನ್ನು ಹುಡುಕಿ ತಂದೆವು. ಕಂಬಿಯ ಎತ್ತರ ನಿಗದಿ ಮಾಡುವುದೇ ಮುಖ್ಯ ಕೆಲಸ. ಬರಿಯ ಬಾರನ್ನು ಹಿಡಿದು, ಎದೆ ಉಬ್ಬಿಸಿ ಮಲಗಿ ಇಳಿಸಿದಾಗ ಅದು ಎದೆಗೆ ತಾಗಬೇಕು, ಕಂಬಿಗೆ ತಾಗಬಾರದು. ಉಸಿರು ಬಿಟ್ಟು ಎದೆ ತಗ್ಗಿಸಿದೊಡನೆ ಭಾರವೆಲ್ಲ ಕಂಬಿಯ ಮೇಲೆ ಕೂರಬೇಕು. ಕುತ್ತಿಗೆ ಕಂಬಿಗಿಂತ ಕೆಳಗಿರಬೇಕು. ಇದನ್ನು ಬರಿಯ ಬಾರಿನಲ್ಲಿ ಹತ್ತು ಸಲ ಪರೀಕ್ಷಿಸಿ, ಸರಿಯಾದ ತೂತಿಗೆ ಕೆಂಪು ಬಣ್ಣ ಹಚ್ಚಿದ್ದೇವೆ. ಅಭ್ಯಾಸದ ಹೊತ್ತಿನಲ್ಲಿ ಮಗು ಒಳಗೆ ಬಾರದಂತೆ ಬಾಗಿಲಿಗೆ ಅಗಳಿ ಹಾಕುವುದಿಲ್ಲ, ಏಕೆಂದರೆ ಕೂಗಿದರೆ ದೊಡ್ಡವರು ಒಳಗೆ ಬರುವಂತಿರಬೇಕು. ಹೊಸ್ತಿಲಲ್ಲಿ ಅವ್ವನ ಕುರ್ಚಿಯೇ ಕಾವಲು.

ಇನ್ನು ಮಲಗುವ ಕ್ರಮ. ಕಣ್ಣು ಬಾರಿನ ನೇರ ಕೆಳಗೆ ಬರಬೇಕು. ಎರಡೂ ಹೆಗಲಮೂಳೆಗಳನ್ನು ಬೆನ್ನ ಹಿಂದೆ ಒಂದಕ್ಕೊಂದು ಸೇರಿಸಿ ಸೊಂಟದ ಕಡೆಗೆ ಎಳೆದುಕೊಳ್ಳಬೇಕು. ಕಚೇರಿಯ ಕುರ್ಚಿ ಕಲಿಸಿದ್ದಕ್ಕೆ ಇದು ನೇರ ವಿರುದ್ಧ. ತಲೆ, ಬೆನ್ನಿನ ಮೇಲ್ಭಾಗ, ಪೃಷ್ಠ ಬೆಂಚಿನ ಮೇಲೆ, ಎರಡು ಪಾದಗಳು ನೆಲದ ಮೇಲೆ, ಹೀಗೆ ಐದು ಕಡೆ ಮೈ ಊರಿರಬೇಕು. ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೆ ಅಲುಗದ ಹಲಗೆ ಇಡಬಹುದು. ಹೆಬ್ಬೆರಳು ಬಾರನ್ನು ಸುತ್ತಿಯೇ ಹಿಡಿಯಬೇಕು. ಹೆಬ್ಬೆರಳು ಬಿಟ್ಟು ಹಿಡಿದರೆ ಬಾರು ಜಾರುವುದಕ್ಕೆ ದಾರಿ ತೆರೆದಂತೆ. ಬಾರನ್ನು ಎದೆಯ ಕೆಳಭಾಗಕ್ಕೆ ಇಳಿಸಬೇಕು, ಕುತ್ತಿಗೆಯತ್ತ ಅಲ್ಲ. ಆಗ ಮುಂಗೈ ಕಂಬದಂತೆ ನೆಟ್ಟಗಿರಬೇಕು. ಮೊಣಕೈ ಪಕ್ಕೆಗೆ ಅಂಟಲೂ ಬಾರದು, ರೆಕ್ಕೆಯಂತೆ ಪೂರ್ತಿ ಹರಡಲೂ ಬಾರದು. ಮೇಲೆ ಒತ್ತುವಾಗ ಬಾರು ತುಸು ತಲೆಯ ಕಡೆಗೆ ಸರಿದು ಹೆಗಲಿನ ಮೇಲೆ ನಿಲ್ಲುತ್ತದೆ. ಎದೆಯಿಂದ ಚೆಂಡಿನಂತೆ ಪುಟಿಸುವುದು ಬಲವಲ್ಲ, ಅವಸರ.

ಒಬ್ಬರೇ ಇರುವ ದಿನ ನಮ್ಮದೊಂದು ನಿಯಮ: ಇನ್ನೂ ಎರಡು ಸಲ ಒತ್ತುವ ಶಕ್ತಿ ಉಳಿದಿರುವಾಗಲೇ ಬಾರನ್ನು ಕೊಕ್ಕೆಗೆ ಸೇರಿಸುವುದು. ಬರಿಯ ಬಾರಿನಿಂದ ತೊಡಗಿ, ವಾರಕ್ಕೆ ಎರಡು ದಿನದಂತೆ, ಎರಡೂವರೆ ಎರಡೂವರೆ ಕಿಲೋ ಏರಿಸುತ್ತ ಅರವತ್ತಕ್ಕೆ ಬಂದಿದ್ದೇವೆ. ಹೆಗಲು ನೋಯುವುದಿಲ್ಲ. ಮಲಗುವ ಕ್ರಮದಲ್ಲಿ ಕಳೆಯುವ ಅರ್ಧ ನಿಮಿಷ ದಂಡವೆಂದು ತಮ್ಮನೂ ಈಗ ಹೇಳುವುದಿಲ್ಲ. ಒಮ್ಮೆ ಅವನೇ ಬೇಕೆಂದು ಭಾರವನ್ನು ಕಂಬಿಯ ಮೇಲೆ ಬಿಟ್ಟು, ಪಕ್ಕಕ್ಕೆ ಜಾರಿ ಎದ್ದು ಅವ್ವನಿಗೆ ತೋರಿಸಿದ. “ಈಗ ಬೇಕಾದಷ್ಟು ಎತ್ತರಿ” ಎಂದು ಆಕೆ ಕುರ್ಚಿಯಲ್ಲಿ ಕುಳಿತು ಜಪಮಣಿ ಹಿಡಿದಳು.

ನಿಮ್ಮ ಮನೆಯ ಹುಡುಗನೂ ಬೆಂಚು ತರುವ ಮಾತೆತ್ತಿದರೆ ಬೇಡವೆನ್ನಬೇಡಿ. ಎಷ್ಟು ಕಿಲೋ ಎತ್ತುತ್ತೀಯೆ ಎಂದು ಕೇಳುವ ಮೊದಲು, ಆಧಾರದ ಕಂಬಿ ಎಲ್ಲಿದೆ ಎಂದು ಕೇಳಿ.