ಕಳ್ಳಗಂಟೆ

ಕುಂಬ್ಡಾಜೆಯಂತಹ ಊರಿನಲ್ಲಿ ಮನೆಗೂ ಮನೆಗೂ ನಡುವೆ ಒಂದು ಅಡಿಕೆ ತೋಟವೋ ಗುಡ್ಡವೋ ಇರುವುದು ಸಾಮಾನ್ಯ. ಸುಲಿದ ಅಡಿಕೆ ಒಳ್ಳೆಯ ಧಾರಣೆಗಾಗಿ ತಿಂಗಳುಗಟ್ಟಲೆ ಉಗ್ರಾಣದಲ್ಲಿ ಕಾಯುತ್ತದೆ. ಕೃಷಿಕನ ಪಾಲಿಗೆ ಅದು ಒಂದು ವರ್ಷದ ದುಡಿಮೆ, ಮಗಳ ಮದುವೆ, ಸಾಲದ ಕಂತು. ಹಿಂದೆ ಅದನ್ನು ಕಾಯುತ್ತಿದ್ದವರು ಮನೆಯ ಜನ: ಜಗಲಿಯಲ್ಲಿ ಮಲಗುವ ಅಜ್ಜ, ಚಾವಡಿಯಲ್ಲಿ ಸಾಲಾಗಿ ಮಲಗುವ ಮಕ್ಕಳು, ಅವರೊಂದಿಗೆ ಅಂಗಳದ ನಾಯಿ. ಮಕ್ಕಳು ಬೆಂಗಳೂರಿಗೂ ಕೊಲ್ಲಿ ದೇಶಗಳಿಗೂ ಹೋದ ಮೇಲೆ ದೊಡ್ಡ ಮನೆಗಳಲ್ಲಿ ಒಬ್ಬಿಬ್ಬರು ವೃದ್ಧರು ಉಳಿದಿದ್ದಾರೆ. ನಮ್ಮ ಮನೆಯೂ ಅಂಥದೇ. ತಂದೆಯವರು ತೀರಿಕೊಂಡ ಬಳಿಕ ಅಮ್ಮ ಒಬ್ಬರೇ ಆದರು. ಮನೆ ಬಿಟ್ಟು ಬರಲು ಅವರು ಒಪ್ಪಲಿಲ್ಲ. ಹಾಗಾಗಿ ಬಾಗಿಲುಗಳಿಗೆ ಎಚ್ಚರಿಕೆ ಗಂಟೆಯನ್ನು ಅಳವಡಿಸಿ, ಅದರ ತಂತಿಗಳನ್ನು ಗೋಡೆಯೊಳಗೆ ಎಳೆಸುವುದೆಂದು ನಿಶ್ಚಯವಾಯಿತು. ‘ಬರ್ಗ್ಲರ್ ಅಲಾರಂ’ ಎಂಬ ಮಾತು ಅಮ್ಮನ ನಾಲಿಗೆಗೆ ಒಗ್ಗಲಿಲ್ಲ. ಮೊದಲ ದಿನವೇ ಅದಕ್ಕೆ ‘ಕಳ್ಳಗಂಟೆ’ ಎಂದು ಹೆಸರಿಟ್ಟರು.

ಸಮಾಸಗಳನ್ನು ಬಿಡಿಸಿ ಓದುವ ಅಭ್ಯಾಸವುಳ್ಳ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ಪದದ ತೊಡಕು ಕೂಡಲೇ ಹೊಳೆದೀತು. ಕಳ್ಳನಿಗಾಗಿ ಇಟ್ಟ ಗಂಟೆ ಎಂದು ಬಿಡಿಸಿದರೆ ಅಮ್ಮನ ಅಭಿಪ್ರಾಯ ದೊರೆಯುತ್ತದೆ. ಆದರೆ ಕಳ್ಳನೋಟು, ಕಳ್ಳನಿದ್ದೆ ಎಂಬ ಪದಗಳ ಸಾಲಿನಲ್ಲಿ ನಿಲ್ಲಿಸಿದರೆ ಅದು ಸುಳ್ಳುಗಂಟೆಯಾಗುತ್ತದೆ. ಒಂದೇ ಪೆಟ್ಟಿಗೆ ಈ ಎರಡರಲ್ಲಿ ಯಾವುದಾಗಬೇಕೆಂಬುದನ್ನು ನಿರ್ಣಯಿಸುವುದು ಗೋಡೆಯೊಳಗಿನ ತಂತಿಯ ಕೆಲಸದ ಅಚ್ಚುಕಟ್ಟುತನ ಎಂಬುದು, ತಂತಿಯ ಕೆಲಸದವರೊಡನೆ ನಾಲ್ಕು ದಿನ ಕಳೆದಾಗ ನನಗೆ ಮನವರಿಕೆಯಾಯಿತು.

ಈ ಗಂಟೆಗೆ ದೀರ್ಘ ಚರಿತ್ರೆಯಿದೆ. 1853ರಲ್ಲಿ ಅಮೆರಿಕದ ಅಗಸ್ಟಸ್ ರಸೆಲ್ ಪೋಪ್ ವಿದ್ಯುತ್ತಿನಿಂದ ನಡೆಯುವ ಕಳವಿನ ಗಂಟೆಗೆ ಪೇಟೆಂಟ್ ಪಡೆದ. ಅವನ ಯೋಜನೆಯಲ್ಲಿ ಬಾಗಿಲು ತೆರೆದೊಡನೆ ತಂತಿಗಳು ಕೂಡಿ ವಿದ್ಯುತ್ತು ಹರಿದು ಗಂಟೆ ಬಾರಿಸುತ್ತಿತ್ತು. ಅಂತಹ ಏರ್ಪಾಟಿನಲ್ಲಿ ಮೊದಲೇ ತಂತಿ ತುಂಡಾಗಿದ್ದರೆ ಗಂಟೆ ಮೌನವಾಗಿಯೇ ಇರುತ್ತದೆ. ಮನೆಯವರು ಆ ಮೌನವನ್ನು ಕ್ಷೇಮವೆಂದು ಭಾವಿಸುತ್ತಾರೆ. ಇಂದಿನ ಕ್ರಮ ಇದಕ್ಕೆ ವಿರುದ್ಧವಾದುದು. ಬಾಗಿಲುವಾಡದಲ್ಲಿ ಒಂದು ಪುಟ್ಟ ಗಾಜಿನ ಕೊಳವೆ, ಅದರೊಳಗೆ ಎರಡು ತೆಳುವಾದ ಲೋಹದ ನಾಲಗೆಗಳು. ಬಾಗಿಲಿನಲ್ಲಿ ಒಂದು ಆಯಸ್ಕಾಂತ. 1936ರಲ್ಲಿ ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್‌ವುಡ್ ರೂಪಿಸಿದ ರೀಡ್ ಸ್ವಿಚ್ ಇದು. ಬಾಗಿಲು ಮುಚ್ಚಿರುವವರೆಗೆ ಆಯಸ್ಕಾಂತದ ಸೆಳೆತದಿಂದ ನಾಲಗೆಗಳು ಕೂಡಿರುತ್ತವೆ, ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಬಾಗಿಲು ತೆರೆದರೂ, ತಂತಿ ಕಡಿದರೂ ಹರಿವು ನಿಂತು ಗಂಟೆ ಕೂಗುತ್ತದೆ. ಎರಡು ತಂತಿಗಳನ್ನು ಬೆಸೆದು ವಂಚಿಸುವವರೂ ಇದ್ದಾರೆ. ಅವರಿಗಾಗಿ ತಂತಿಯ ಕಟ್ಟಕಡೆಯಲ್ಲಿ, ಬಾಗಿಲಿನ ಬಳಿ, ಒಂದು ರೆಸಿಸ್ಟರನ್ನು ಕೂರಿಸಬೇಕು. ಸುಲಭವೆಂದು ಅದನ್ನು ಪೆಟ್ಟಿಗೆಯೊಳಗೇ ಕೂರಿಸಿದರೆ ಆ ಕಾವಲು ವ್ಯರ್ಥ.

ತಂತಿಯಿಲ್ಲದ ಗಂಟೆಗಳೂ ದೊರೆಯುತ್ತವೆ. ಆದರೆ ದಪ್ಪ ಗೋಡೆಗಳನ್ನು ದಾಟುವಾಗ ಅವುಗಳ ಸಂಕೇತ ಸೊರಗುತ್ತದೆ. ಪ್ರತಿ ಬಾಗಿಲಿನ ಬ್ಯಾಟರಿಯನ್ನು ಆಗಾಗ ಬದಲಿಸುವುದು ವಯಸ್ಸಾದವರಿಗೆ ಆಗದ ಕೆಲಸ. ನಮ್ಮದು ಮುರಕಲ್ಲಿನ ಮನೆ. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕಲ್ಲನ್ನು ಲ್ಯಾಟರೈಟ್ ಎಂದು ಕರೆದ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರದು. ನೆಲದೊಳಗೆ ಮೆದುವಾಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಕಲ್ಲು. ಅದರ ಮೈತುಂಬ ತೂತುಗಳು. ಮಳೆಗಾಲದ ತೇವವನ್ನು ಅದು ಸುಲಭವಾಗಿ ಬಿಡುವುದಿಲ್ಲ.

ಇಂತಹ ಗೋಡೆಯಲ್ಲಿ ಪೈಪು ಕೂರುವ ತೋಡು ಕೊರೆಯುವುದಕ್ಕೆ ನಿಯಮಗಳಿವೆ. ಭಾರ ಹೊತ್ತ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕಿಳಿಯುವ ತೋಡು ಗೋಡೆಯ ದಪ್ಪದ ಮೂರನೆಯ ಒಂದು ಪಾಲನ್ನು, ಅಡ್ಡ ತೋಡು ಆರನೆಯ ಒಂದು ಪಾಲನ್ನು ಮೀರಬಾರದು. ಓರೆಯಾಗಿ ಎಳೆಯಲೇಬಾರದು, ನೇರವಾಗಿದ್ದರೆ ನಾಳೆ ಮೊಳೆ ಹೊಡೆಯುವವನು ತಂತಿಯ ದಾರಿಯನ್ನು ಊಹಿಸಬಲ್ಲ. ನಾವು ಅಡ್ಡದಾರಿಯನ್ನೆಲ್ಲ ಅಟ್ಟದ ಮೇಲೆ ಒಯ್ದು, ಪ್ರತಿ ಬಾಗಿಲಿನ ನೇರಕ್ಕೆ ಮಾತ್ರ ಕೆಳಗಿಳಿಸಿದೆವು. ಅಟ್ಟದಲ್ಲಿಯೂ ಪೈಪು ಬೇಕು, ಇಲ್ಲವಾದರೆ ಇಲಿಗಳು ಕಡಿಯುತ್ತವೆ. 230 ವೋಲ್ಟಿನ ದೀಪದ ತಂತಿಗೂ ಈ ಸಣ್ಣ ತಂತಿಗೂ ಒಂದಡಿ ಅಂತರ. ದಾಟಲೇಬೇಕಾದಲ್ಲಿ ಲಂಬವಾಗಿ ದಾಟಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗೋಡೆಯೊಳಗೆ ಎಲ್ಲಿಯೂ ಗಂಟು ಇರಬಾರದು. ಬಾಗಿಲಿನಿಂದ ಪೆಟ್ಟಿಗೆಯವರೆಗೆ ಒಂದೇ ಎಳೆ.

ಈ ಗಂಟಿನ ಮಾತು ಸಣ್ಣದಲ್ಲ. ಪರಿಚಿತರೊಬ್ಬರ ಮನೆಯಲ್ಲಿ ತಂತಿಗಳನ್ನು ಹೊಸೆದು, ಟೇಪು ಸುತ್ತಿ, ಗಾರೆ ಮೆತ್ತಿಬಿಟ್ಟಿದ್ದರು. ಮೊದಲ ಮಳೆಗಾಲಕ್ಕೇ ಗಂಟುಗಳು ಕಿಲುಬು ಹಿಡಿದವು. ನಡುರಾತ್ರಿ ಗಂಟೆ ಕೂಗಿತು. ತೋಟದಾಚೆಯವರು ಟಾರ್ಚು ಹಿಡಿದು, ಸಂಕ ದಾಟಿ, ಜಡಿಮಳೆಯಲ್ಲಿ ಓಡಿಬಂದರು. ಕಳ್ಳನಿರಲಿಲ್ಲ. ಇನ್ನೆರಡು ಸಲ ಹೀಗೆಯೇ ಆಯಿತು. ನಾಲ್ಕನೆಯ ಸಲ ಯಾರೂ ಬರಲಿಲ್ಲ. ಮನೆಯವರು ತಾವೇ ಅದರ ಸ್ವಿಚ್ಚು ಆರಿಸಿ ಮಲಗತೊಡಗಿದರು. ಒಂಟಿಮನೆಯ ಗಂಟೆ ಕಳ್ಳನನ್ನು ಹಿಡಿಯುವುದಿಲ್ಲ. ನೆರೆಯವರನ್ನು ಕರೆಯುತ್ತದೆ, ಅಷ್ಟೇ. ಆ ಕರೆಯ ಮೇಲಿನ ನಂಬಿಕೆ ಹೋದರೆ ಗೋಡೆಯೊಳಗೆ ಎಷ್ಟು ತಂತಿಯಿದ್ದೂ ಪ್ರಯೋಜನವಿಲ್ಲ.

ಕೆಲಸ ಮುಗಿದಾಗ ಪೆಟ್ಟಿಗೆಯ ಮೇಲೆ ಆರು ದೀಪಗಳು, ಅವುಗಳ ಕೆಳಗೆ ಇಂಗ್ಲಿಷಿನಲ್ಲಿ ಝೋನ್ 1ರಿಂದ 6. ಕೈಪಿಡಿಯೂ ಇಂಗ್ಲಿಷಿನದು, ಕೆಲಸದವರು ವಿವರಿಸಿದ್ದು ತುಳು, ಮಲಯಾಳಗಳ ಬೆರಕೆಯಲ್ಲಿ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಅದು ನಮಗೆ ಹೊಸತಲ್ಲ. ಆದರೆ ನಿದ್ದೆಗಣ್ಣಿನಲ್ಲಿ ಎದ್ದ ಅಮ್ಮನಿಗೆ ‘ಝೋನ್ 4’ ಏನನ್ನು ಹೇಳೀತು? ಅವರು ಹೇಳುತ್ತ ಹೋದರು, ನಾನು ಬರೆದು ಅಂಟಿಸಿದೆ: ಚಾವಡಿ ಬಾಗಿಲು, ಅಡುಗೆಕೋಣೆ ಹಿಂಬಾಗಿಲು, ಬಚ್ಚಲಿನ ಬದಿ, ಉಗ್ರಾಣ, ಅಟ್ಟದ ಮೆಟ್ಟಿಲು, ತೋಟದ ಬಾಗಿಲು. ಗಾರೆ ಮೆತ್ತುವ ಮುನ್ನ ತೋಡುಗಳ ಅಳತೆ ಹಿಡಿದು ಬರೆದ ನಕ್ಷೆಯೂ ಕನ್ನಡದಲ್ಲಿಯೇ ಇದೆ. ಮನೆಯ ದಸ್ತಾವೇಜಿನೊಂದಿಗೆ ಪೆಟ್ಟಿಗೆಯಲ್ಲಿದೆ.

ಈಗ ಪ್ರತಿ ಸಂಕ್ರಮಣದ ಸಂಜೆ ಐದಕ್ಕೆ ಅಮ್ಮ ಗಂಟೆಯನ್ನು ಒಮ್ಮೆ ಬಾರಿಸಿ ನೋಡುತ್ತಾರೆ. ಕೇಳಿಸಿತೆಂದು ಆಚೆಮನೆಯವರು ಫೋನು ಮಾಡುತ್ತಾರೆ. ಆಮೇಲೆ ಇಬ್ಬರೂ ಅಡಿಕೆಯ ಧಾರಣೆಯನ್ನೂ ಮಳೆಯನ್ನೂ ಕುರಿತು ಬಹಳ ಹೊತ್ತು ಮಾತನಾಡುತ್ತಾರೆ.