ಮಾಲೆಗಾಂವ್‌ನಲ್ಲಿ ಹಾರಿದ ಸೂಪರ್‌ಮ್ಯಾನ್

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೆಗಾಂವ್ ವಿದ್ಯುತ್ ಮಗ್ಗಗಳ ಊರು. ಗಲ್ಲಿ ಗಲ್ಲಿಯಲ್ಲೂ ಕೇಳುವ ಮಗ್ಗದ ಸದ್ದಿಗೆ ಶುಕ್ರವಾರ ಬಿಡುವು. ಅಂದು ನೇಕಾರರಿಗೆ ಸಿನಿಮಾವೇ ಹಬ್ಬ.

1938ರಲ್ಲಿ ಅಮೆರಿಕದ ಕಾಮಿಕ್ಸ್‌ನಲ್ಲಿ ಹುಟ್ಟಿ, 1978ರ ಚಿತ್ರದಿಂದ ಜಗತ್ತನ್ನೇ ಮರುಳು ಮಾಡಿದ ಸೂಪರ್‌ಮ್ಯಾನ್ ಈ ಊರಿಗೂ ಬಂದ. ಅವನನ್ನು ಕರೆತಂದವರು ವಿಡಿಯೊ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್. ನಾಯಕ, ಮಗ್ಗದ ಕೆಲಸಗಾರ, ತೆಳ್ಳನೆಯ ಶಫೀಕ್. ಹಸಿರು ಬಟ್ಟೆಯ ಮುಂದೆ ಅವರು ಕೈ ಚಾಚಿದರೆ ಸಾಕು, ಕಂಪ್ಯೂಟರ್ ಆಕಾಶ ಒದಗಿಸುತ್ತಿತ್ತು! ಈ ಸಾಹಸವನ್ನು ಫೈಜಾ ಅಹ್ಮದ್ ಖಾನ್ 2008ರಲ್ಲಿ ಸಾಕ್ಷ್ಯಚಿತ್ರವಾಗಿಸಿದರು.

2011ರಲ್ಲಿ ಕ್ಯಾನ್ಸರ್ ಶಫೀಕರನ್ನು ಬಲಿ ತೆಗೆದುಕೊಂಡಿತು. ಆದರೆ ದಿನವಿಡೀ ಮಗ್ಗದ ಮುಂದೆ ನಿಲ್ಲುವವನೂ ಹಾರಬಲ್ಲನೆಂಬುದನ್ನು ಮಾಲೆಗಾಂವ್ ಒಮ್ಮೆ ಕಣ್ಣಾರೆ ಕಂಡಿದೆ.