ಆ ಎಂಬತ್ತೆಂಟು ಯಾರದು?

ಮನೆಯ ಗುಟ್ಟನ್ನು ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು ಜಾಣತನವಲ್ಲವೆಂದು ನಮಗೂ ಗೊತ್ತು. ಆದರೆ ಸುಳ್ಳನ್ನು ಎಲ್ಲಿ ಹೇಳಿದೆವೋ ಅಲ್ಲಿಯೇ ತಿದ್ದಬೇಕೆಂಬುದು ನಮ್ಮ ಮಗಳ ಅಭಿಪ್ರಾಯ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಇಲ್ಲಿ 'ನಾವು' ಎಂದರೆ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿರುವ ಗಂಡ ಹೆಂಡತಿ. ಯಾವ ಮಾತನ್ನು ಯಾರು ಆಡಿದೆವೆಂದು ವಿಂಗಡಿಸಲು ಹೋಗಿಲ್ಲ. ತಪ್ಪು ಇಬ್ಬರದೂ ಆದ್ದರಿಂದ ಸರ್ವನಾಮ ಒಂದೇ ಸಾಕು.

2023ರ ಜೂನ್ 12, ಸೋಮವಾರ. ಅಂದು ಮಹಾರಾಷ್ಟ್ರದ ಸಿ.ಇ.ಟಿ. ಫಲಿತಾಂಶ ಬಂದಿತು. ಭೌತಶಾಸ್ತ್ರದಲ್ಲಿ 91 ಪರ್ಸೆಂಟೈಲ್, ರಸಾಯನಶಾಸ್ತ್ರದಲ್ಲಿ 94. ಗಣಿತದಲ್ಲಿ 54. ನಾವು ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ, 'ಹೋಗಲಿ, ಹತ್ತಿರ ಹತ್ತಿರ 80 ಆಯಿತಲ್ಲ' ಎಂದು ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಒಟ್ಟು 72. ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯಲಿಲ್ಲ. ಮಗಳನ್ನು ಕೇಳುವ ಧೈರ್ಯವಾಗಲಿಲ್ಲ. ಅವಳು ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ಕುಳಿತು ಸುಮ್ಮನೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

ಮುಂದಿನ ಭಾನುವಾರ ಸಂಘದಲ್ಲಿ ಮಕ್ಕಳಿಗೆ ನೋಟುಪುಸ್ತಕ ಹಂಚುವ ಕಾರ್ಯಕ್ರಮ. ಪ್ರತಿ ವರ್ಷದಂತೆ ನಮ್ಮ ಮಗಳು ಚಹದ ಟ್ರೇ ಹಿಡಿದು ಓಡಾಡುತ್ತಿದ್ದಳು. ಹಿರಿಯರೊಬ್ಬರು, ನಮ್ಮ ಊರ ಕಡೆಯವರೇ, ಪ್ರೀತಿಯಿಂದಲೇ ಕೇಳಿದರು: "ಏನ್ರೀ, ಮಗಳದು ಎಷ್ಟಾತು?"

ಎಂಬತ್ತೆಂಟು ಎಂದೆವು. ಒಬ್ಬರ ಬಾಯಿಂದ ಬಂದಿತು, ಇನ್ನೊಬ್ಬರು ತಲೆಯಾಡಿಸಿದೆವು. "ಶಾಭಾಸ್!" ಎಂದು ಅವರು ಬೆನ್ನು ತಟ್ಟಿದರು. ತಿರುಗಿ ನೋಡಿದರೆ ಮಗಳು ಟ್ರೇ ಹಿಡಿದು ನಮ್ಮ ಹಿಂದೆಯೇ ನಿಂತಿದ್ದಳು. ಅವರಿಗೆ ಚಹ ಕೊಟ್ಟಳು. ನಮಗೂ ಕೊಟ್ಟಳು. ಒಂದು ಮಾತೂ ಆಡಲಿಲ್ಲ.

ರಾತ್ರಿ ಊಟವಾದ ಮೇಲೆ ಎದುರಿಗೆ ಬಂದು ಕುಳಿತಳು.

"ಅಪ್ಪಾ, ಅಮ್ಮಾ, ಆ ಎಂಬತ್ತೆಂಟು ಯಾರದು?"

ನಾವು ಉತ್ತರ ಕೊಡಲಿಲ್ಲ. ಮಳೆಗಾಲದ ಮೊದಲ ಸೆಕೆ. ಫ್ಯಾನಿನ ಸದ್ದು ಮಾತ್ರ. "ನನ್ನದು ಎಪ್ಪತ್ತೆರಡು. ನನಗ ನಾಚಿಕಿ ಇರಲಿಲ್ಲ. ಇವತ್ತ ನಿಮ್ಮ ಮಾರಿ ನೋಡಿ ನಾಚಿಕಿ ಆತು" ಎಂದಳು. ಮೂಲೆಯಲ್ಲಿ ಮಲಗಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಖರೇ ಅದ" ಎಂದಳು.

ಆ ಮೇಲೆ ಹುಡುಗಿ ಒಳಗಿನಿಂದ ಒಂದು ಹಾಳೆ ತಂದಳು. ಅಂದು ಮಾಡಿದ್ದಲ್ಲ; ಪರೀಕ್ಷೆಗಳಿಗೆ ಅರ್ಜಿ ತುಂಬುವಾಗಲೇ ಬರೆದಿಟ್ಟದ್ದು. ನಾವು ಕೇಳಿರಲಿಲ್ಲ, ಅವಳು ತೋರಿಸಿರಲಿಲ್ಲ. ಗಣಿತ ಬಾರದ ಹುಡುಗಿ ಎಂದು ನಾವು ಮನಸ್ಸಿನಲ್ಲೇ ಮೊಹರು ಹಾಕಿದ್ದವಳು ಆ ರಾತ್ರಿ ನಮಗೆ ಲೆಕ್ಕ ಹೇಳಿಕೊಟ್ಟಳು. ಮಕ್ಕಳನ್ನು ಹನ್ನೆರಡನೆಯ ತರಗತಿಗೆ ಕಳಿಸುತ್ತಿರುವ ಓದುಗ ಬಂಧುಗಳಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಕೊಡುತ್ತೇವೆ.

ಮೊದಲನೆಯದಾಗಿ, ಪರ್ಸೆಂಟೈಲ್ ಎಂದರೆ ನೂರಕ್ಕೆ ಬಿದ್ದ ಅಂಕವಲ್ಲ. ಅದು ಸಾಲಿನಲ್ಲಿ ನಿಂತ ಜಾಗ. ಪರೀಕ್ಷೆಗೆ ಕುಳಿತ ನೂರು ಮಂದಿಯಲ್ಲಿ 54 ಮಂದಿ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಪಡೆದಿದ್ದಾರೆಂದು ಅರ್ಥ. ಜಾಗಗಳನ್ನು ಕೂಡಿಸಿ ಭಾಗಿಸಿದರೆ ಇನ್ನೊಂದು ಜಾಗ ಸಿಗುವುದಿಲ್ಲ. ನಮ್ಮ 80 ಅಲ್ಲಿಯೇ ಬಿದ್ದುಹೋಯಿತು.

ಎರಡನೆಯದು ಇನ್ನೂ ಮುಖ್ಯ. ಪರೀಕ್ಷೆಯಿಂದ ಪರೀಕ್ಷೆಗೆ ತಕ್ಕಡಿ ಬೇರೆ. ಮಹಾರಾಷ್ಟ್ರದ ಸಿ.ಇ.ಟಿ.ಯಲ್ಲಿ ಒಟ್ಟು 200 ಅಂಕ. ಭೌತಶಾಸ್ತ್ರದ 50 ಪ್ರಶ್ನೆಗೆ 50, ರಸಾಯನಶಾಸ್ತ್ರದ 50ಕ್ಕೆ 50, ಗಣಿತದ 50 ಪ್ರಶ್ನೆಗೆ ಮಾತ್ರ ತಲಾ ಎರಡರಂತೆ 100. ಎಂದರೆ ಗಣಿತವೊಂದೇ ಉಳಿದೆರಡರಷ್ಟು ತೂಗುತ್ತದೆ. ಇಬ್ಬರು ಸಮ ಬಂದರೂ ಮೊದಲು ನೋಡುವುದು ಗಣಿತವನ್ನೇ. ಜೆ.ಇ.ಇ. ಮೇನ್‌ನಲ್ಲಿ 300ಕ್ಕೆ ಗಣಿತದ್ದು 100, ಮೂರರಲ್ಲೊಂದು ಪಾಲು. ಆದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಸಮ ಬಂದಾಗ ಅಲ್ಲಿಯೂ ಗಣಿತಕ್ಕೇ ಮೊದಲ ಮಣೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಮೂರು ವಿಷಯಕ್ಕೂ ತಲಾ 60, ಒಟ್ಟು 180, ತಪ್ಪಿಗೆ ಕಳೆಯುವುದಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಆ ಅಂಕ ಅರ್ಧ, ಹನ್ನೆರಡನೆಯ ತರಗತಿಯ ಅಂಕ ಅರ್ಧ.

"ಈಗ ನೋಡ್ರಿ" ಎಂದು ಅವಳು ಪೆನ್ಸಿಲ್ ಎತ್ತಿಕೊಂಡಳು. ಬೋರ್ಡಿನ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ನೂರಕ್ಕೆ 71 ಬಂದಿತ್ತು. ಅಲ್ಲಿ ಹೆಜ್ಜೆ ಹೆಜ್ಜೆಗೆ ಅಂಕವುಂಟು. ನಿಧಾನವಾಗಿ ಬಿಡಿಸುವವರಿಗೆ ಮೋಸವಿಲ್ಲ. ಸಿ.ಇ.ಟಿ.ಯಲ್ಲಿ 90 ನಿಮಿಷಕ್ಕೆ 50 ಲೆಕ್ಕ, ಒಂದಕ್ಕೆ ಎರಡು ನಿಮಿಷವೂ ಇಲ್ಲ. ಕರ್ನಾಟಕದಲ್ಲಿ 80 ನಿಮಿಷಕ್ಕೆ 60, ಇನ್ನೂ ಅವಸರ. ಅಲ್ಲಿ ಅವಳು ಗಣಿತದಲ್ಲಿ ಗಳಿಸಿದ್ದು ಅರವತ್ತಕ್ಕೆ 19 ಮಾತ್ರ. ಮೂರು ವಿಷಯ ಸೇರಿ 180ಕ್ಕೆ 91, ನೂರಕ್ಕೆ ಸುಮಾರು 50. ಬೋರ್ಡಿನಲ್ಲಿ ಅವೇ ಮೂರು ಸೇರಿ 300ಕ್ಕೆ 239, ನೂರಕ್ಕೆ ಸುಮಾರು 80. ಎರಡರ ಅರ್ಧರ್ಧ ಸೇರಿದರೆ 65. "ಹುಡುಗಿ ಒಬ್ಬಾಕಿನ. ಒಂದು ತಕ್ಕಡಿಯೊಳಗ ನೀವು ಮುಚ್ಚಿಡೋ ಹಂಗ ತೂಗ್ತೀನಿ, ಇನ್ನೊಂದರೊಳಗ ನಡೀತದ" ಎಂದಳು.

ಕರ್ನಾಟಕದ ಫಲಿತಾಂಶ ಜೂನ್ 15ಕ್ಕೇ ಬಂದಿತ್ತು. ಮಹಾರಾಷ್ಟ್ರದ 72ರ ದುಃಖದಲ್ಲಿ ಅದನ್ನು ಸರಿಯಾಗಿ ಓದುವ ವ್ಯವಧಾನವೂ ನಮಗಿರಲಿಲ್ಲ. ಸತ್ಯ ಹೇಳಬೇಕೆಂದರೆ, ಆ ಪರೀಕ್ಷೆಯನ್ನು ನಾವು ಎಣಿಕೆಗೇ ತೆಗೆದುಕೊಂಡಿರಲಿಲ್ಲ. ಅದು ಅಜ್ಜಿಯ ಹಟ.

ಆ ಹಟಕ್ಕೊಂದು ಹಿನ್ನೆಲೆಯಿದೆ. ಮಗಳು ಹನ್ನೊಂದರಲ್ಲಿದ್ದಾಗ ನಾವು ಸುರತ್ಕಲ್ಲಿನ ಎನ್.ಐ.ಟಿ.ಯ ಕನಸು ಕಾಣುತ್ತಿದ್ದೆವು. ಎನ್.ಐ.ಟಿ.ಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ನಾವು ಧಾರವಾಡದವರು, ಸುರತ್ಕಲ್ ನಮ್ಮದೇ ಅಲ್ಲವೇ ಎಂದುಕೊಂಡಿದ್ದೆವು. ಅಲ್ಲ. ಅಲ್ಲಿ ರಾಜ್ಯವೆಂದರೆ ಹುಟ್ಟಿದ ಊರಲ್ಲ, ಮನೆಮಾತಲ್ಲ. ಹನ್ನೆರಡನೆಯ ತರಗತಿ ಎಲ್ಲಿ ತೇರ್ಗಡೆಯಾಯಿತೋ ಅದು. ಸುರತ್ಕಲ್ಲಿಗೆ ನಮ್ಮ ಮಗಳು ಪರರಾಜ್ಯದವಳು. ಅದನ್ನು ಕೇಳಿದ ದಿನ ಅಜ್ಜಿ, "ಹಂಗಾದ್ರ ನಾವು ಯಾವ ಊರವರು?" ಎಂದು ಕೇಳಿದ್ದಳು. ಇಪ್ಪತ್ತೆರಡು ವರ್ಷ ಮುಂಬಯಿಯಲ್ಲಿ ಕಳೆದ ನಮ್ಮ ಬಳಿ ಉತ್ತರವಿರಲಿಲ್ಲ.

ಉತ್ತರ ಹುಡುಕಿದವಳು ಮಗಳೇ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕದಲ್ಲಿ 'ಹೊರನಾಡ ಕನ್ನಡಿಗ' ಎಂಬ ಹೆಸರಿನ ಅರ್ಹತೆಯೊಂದಿದೆ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿದ್ದು, ಕೇಳಿದ ಪ್ರಮಾಣಪತ್ರಗಳನ್ನು ಒದಗಿಸಿ, ಒಂದು ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಬಾಗಿಲು ತೆರೆಯುವುದಷ್ಟೇ ಅದರ ಕೆಲಸ. ನಿಯಮಗಳನ್ನು ಆಯಾ ವರ್ಷದ ಪುಸ್ತಕದಲ್ಲೇ ಪೂರ್ತಿ ಓದಿಕೊಳ್ಳಬೇಕು, ಬಾಯಿಮಾತನ್ನು ನಂಬಬಾರದು. ನಮ್ಮ ಮಾತನ್ನೂ ಸಹ.

2023ರ ಮೇ ತಿಂಗಳಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋದೆವು. ಮೇ 20ರ ಮಧ್ಯಾಹ್ನ ಗಣಿತ, 21ರಂದು ಉಳಿದೆರಡು, 22ರಂದು ಕನ್ನಡ. ಗಣಿತ ಬರೆದು ಬಂದ ದಿನ ಮಗಳ ಮುಖ ನೋಡಲಾಗಲಿಲ್ಲ. ಕನ್ನಡ ಬರೆದು ಬಂದ ದಿನ ನಗುತ್ತಿದ್ದಳು. "ಅಜ್ಜಿ ಕೇಳೋ ಪ್ರಶ್ನೆಕ್ಕಿಂತ ಸರಳ ಇತ್ತು" ಎಂದಳು. ಮರಾಠಿ ನೆರೆಹೊರೆ, ಇಂಗ್ಲಿಷ್ ಶಾಲೆಯ ನಡುವೆ ಬೆಳೆದ ಹುಡುಗಿಗೆ ಅಕ್ಷರ ಕಲಿಸಿದ್ದು ಅಜ್ಜಿ. ಕಣ್ಣಿಗೆ ಪೊರೆ ಬಂದ ಮೇಲೆ ಈ ಪತ್ರಿಕೆಯನ್ನು ತಿಂಗಳು ತಿಂಗಳೂ ಮೊಮ್ಮಗಳಿಂದ ಓದಿಸಿ ಕೇಳುತ್ತಿದ್ದಳು. ತಡವರಿಸಿದರೆ ಅದೇ ಸಾಲನ್ನು ಮತ್ತೆ ಓದಿಸುತ್ತಿದ್ದಳು. 'ಈ ಹೊತ್ತಿನಲ್ಲಿ ನಾಲ್ಕು ಲೆಕ್ಕ ಬಿಡಿಸಬಹುದಿತ್ತು' ಎಂದು ಗೊಣಗಿದವರು ನಾವೇ.

ಇಷ್ಟು ಕೇಳಿದ ಮೇಲೂ ನಮಗೆ ಬುದ್ಧಿ ಬಂದಿತೆಂದು ಓದುಗರು ತಿಳಿಯಬಾರದು. ಆ ವಾರವೇ ಸೀಟು ಕೊಡಿಸುವ ಗೃಹಸ್ಥರೊಬ್ಬರ ಫೋನ್ ನಂಬರು ನಮ್ಮ ಕೈಸೇರಿತು. ಮುಂಬಯಿಯ ಸಮೀಪದಲ್ಲೇ ಒಂದು ಕಾಲೇಜು, ಕಂಪ್ಯೂಟರ್ ಶಾಖೆ, ಅಂಕದ ಚಿಂತೆ ಬೇಡ ಎಂದರು. ಅವರು ಹೇಳಿದ ಮೊತ್ತ ಕೇಳಿ ಮೊದಲು ಬೆವರಿದೆವು, ಆಮೇಲೆ ಲೆಕ್ಕ ಹಾಕಿದೆವು. ನಿವೃತ್ತಿಯಾದ ಮೇಲೆ ಮನೆ ಕಟ್ಟಲೆಂದು ಧಾರವಾಡದಲ್ಲಿ ಒಂದು ತುಂಡು ನಿವೇಶನ ಇಟ್ಟುಕೊಂಡಿದ್ದೇವೆ. ಅದನ್ನು ಮಾರಿದರೆ ಸರಿಹೋಗುತ್ತಿತ್ತು. ಮುಂಗಡ ಕೊಡಲು ಬ್ಯಾಂಕಿಗೆ ಹೊರಟವರನ್ನು ಮಗಳು ಬಾಗಿಲಲ್ಲಿ ತಡೆದಳು.

"ಅಷ್ಟು ರೊಕ್ಕ ಕೊಟ್ಟರ, ಈ ಹುಡುಗಿಗೆ ಗಣಿತ ಕಲಿಸೂದಿಲ್ಲ ಅಂತ ಬರದು ಕೊಡ್ತಾರೇನು?"

ಆಗಿನ ಮುಂಬಯಿ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಪಠ್ಯದಲ್ಲಿ ಮೊದಲ ನಾಲ್ಕು ಸೆಮಿಸ್ಟರಿಗೂ ಒಂದೊಂದು ಗಣಿತ. ಪ್ರವೇಶ ಪರೀಕ್ಷೆಯ ಗಣಿತವನ್ನು ಹಣ ಕೊಟ್ಟು ದಾಟಬಹುದು. ಒಳಗಿರುವ ಗಣಿತವನ್ನು ಅವಳೇ ದಾಟಬೇಕು. "ನೀವು ಕೊಡ್ಸೋದು ಸೀಟಲ್ಲ, ನಾಲ್ಕು ಸಲ ಅಳೋ ಅವಕಾಶ" ಎಂದಳು. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಏನು ಬೇಕೆಂದು ನಾವು ಕೇಳಿದೆವು.

ಅವಳಿಗೆ ಬೇಕಾದದ್ದು ರಸಾಯನಶಾಸ್ತ್ರ. ಅದೂ ಔಷಧದ ರಸಾಯನಶಾಸ್ತ್ರ. ಅಜ್ಜಿಯ ರಕ್ತದೊತ್ತಡದ ಮಾತ್ರೆ, ಸಕ್ಕರೆಯ ಮಾತ್ರೆಗಳ ಚೀಟಿಗಳನ್ನು ಎಂಟನೆಯ ತರಗತಿಯಿಂದ ಓದಿ ಡಬ್ಬಿಗೆ ತುಂಬಿಡುತ್ತಿದ್ದವಳು ಅವಳೇ. ನಾವು ಅದನ್ನು ಮನೆಗೆಲಸವೆಂದು ತಿಳಿದಿದ್ದೆವು. ಕರ್ನಾಟಕದಲ್ಲಿ ಬಿ.ಫಾರ್ಮಾಗೆ ಬೇರೆಯದೇ ರ‍್ಯಾಂಕ್ ಪಟ್ಟಿ. ಅದರಲ್ಲಿ ಅವಳ ಹೆಸರು ಅಷ್ಟೇನೂ ಕೆಳಗಿರಲಿಲ್ಲ. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ದೊಡ್ಡ ಹೆಸರಿನ ಕಾಲೇಜೇನೂ ಅಲ್ಲ, ಆದರೆ ನಿವೇಶನ ಉಳಿಯಿತು.

ಇದು ಗೆದ್ದವರ ಕಥೆಯೆಂದು ಯಾರೂ ಭಾವಿಸುವುದು ಬೇಡ. ಮಗಳು ಹೋದ ಮೇಲೆ ಅಜ್ಜಿಗೆ ಪತ್ರಿಕೆ ಓದುವವರಿಲ್ಲ. ನಾವು ಓದಿದರೆ 'ಅವಸರ ಮಾಡತೀರಿ' ಎನ್ನುತ್ತಾಳೆ. ಮೊದಲ ಸೆಮಿಸ್ಟರಿನಲ್ಲಿ ಜೀವಶಾಸ್ತ್ರ ಓದಿ ಬಂದವರಿಗೆ ಗಣಿತವನ್ನೂ, ಗಣಿತ ಓದಿ ಬಂದವರಿಗೆ ಜೀವಶಾಸ್ತ್ರವನ್ನೂ ಪರಿಹಾರ ಪಾಠವಾಗಿ ಹೇಳಿಕೊಡುತ್ತಾರೆ. ಅಲ್ಲಿ ನಮ್ಮ ಮಗಳು 'ಗಣಿತದವಳು' ಎಂದು ಪರಿಗಣಿತಳಾಗಿ ಜೀವಶಾಸ್ತ್ರ ಕಲಿತಳು. ಜೊತೆಯ ಹುಡುಗಿಯರಿಗೆ ಲಾಗರಿದಮ್ ಹೇಳಿಕೊಟ್ಟೆನೆಂದು ಫೋನಿನಲ್ಲಿ ಹೇಳಿ ನಕ್ಕಳು. ಎಂಟನೆಯ ಸೆಮಿಸ್ಟರಿಗೆ ಸಂಖ್ಯಾಶಾಸ್ತ್ರ ಬರುತ್ತದೆ. ಗಣಿತ ಯಾರನ್ನೂ ಪೂರ್ತಿ ಬಿಡುವುದಿಲ್ಲ. ಆದರೆ ಈಗ ಅದು ಬಾಗಿಲಲ್ಲಿ ಕೋಲು ಹಿಡಿದು ನಿಂತಿಲ್ಲ, ಅವಳ ಕೆಲಸದ ಜೊತೆಗೆ ಬರುತ್ತಿದೆ.

ಈ ವರ್ಷ ಇದೇ ದಾರಿಯಲ್ಲಿರುವ ತಂದೆತಾಯಿಗಳಿಗೆ ನಮ್ಮ ವಿನಂತಿ ಇಷ್ಟೇ. ಮಗುವಿನ ಗಣಿತದ ಅಂಕ ಕಡಿಮೆಯಾದರೆ ಮೊದಲು ಅದು ಯಾವ ತಕ್ಕಡಿಯಲ್ಲಿ ತೂಗಿದ್ದೆಂದು ನೋಡಿ. ಆ ಕೋರ್ಸಿನೊಳಗೆ ಎಷ್ಟು ಗಣಿತವಿದೆಯೆಂದು ಪಠ್ಯಕ್ರಮ ತೆರೆದು ನೋಡಿ. ಅರ್ಜಿ ತುಂಬುವ ಮೊದಲೇ ನೋಡಿ, ಫಲಿತಾಂಶದ ಮೇಲಲ್ಲ. ಮಗು ಬರೆದಿಟ್ಟ ಹಾಳೆಯೇನಾದರೂ ಮನೆಯಲ್ಲಿದ್ದರೆ ಅದನ್ನೂ ಕೇಳಿ ನೋಡಿ. ಮನೆಯಲ್ಲಿ ಕನ್ನಡ ಓದಿಸುವ ಅಜ್ಜಿಯೊಬ್ಬಳಿದ್ದರೆ ಅಡ್ಡ ಬರಬೇಡಿ.

ಅಂದು ಬೆನ್ನು ತಟ್ಟಿದ ಹಿರಿಯರು ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಅವರಿಗೆ ನಮಸ್ಕಾರಗಳು. ನೀವು ಕೇಳಿದ ಪ್ರಶ್ನೆಗೆ ಉತ್ತರ ತಡವಾಗಿ ಕೊಡುತ್ತಿದ್ದೇವೆ, ಮನ್ನಿಸಬೇಕು.

ಎಪ್ಪತ್ತೆರಡು.